ಅಂಟು ಮತ್ತು ನಂಟು

ಭಾವಚಿತ್ರವೊಂದು ಮನೆಯ ಗೋಡೆಯನ್ನೇರಿದ ಮೇಲೆ ಕೇವಲ ಚಿತ್ರವಾಗಿ ಉಳಿಯುವುದಿಲ್ಲ, ಅದು ಸಾಕ್ಷಿಯಾಗುತ್ತದೆ. ಯಾರ ಮದುವೆಗೆ ಯಾರು ಬಂದಿದ್ದರು, ಯಾರು ಯಾರ ಮಗ್ಗುಲಲ್ಲಿ ನಿಂತಿದ್ದರು, ಯಾವ ಕೂಸು ಯಾರ ತೊಡೆಯ ಮೇಲಿತ್ತು ಎಂಬುದನ್ನು ಹಿರಿಯರು ಕಣ್ಮರೆಯಾದ ಮೇಲೆ ಹೇಳುವುದಕ್ಕೆ ಅನೇಕ ಮನೆಗಳಲ್ಲಿ ಉಳಿಯುವುದು ಅದೊಂದೇ. ಬರೆದಿಟ್ಟ ಕಾಗದವನ್ನು ಸಂಶಯಿಸುವವರು ಕೂಡ ಚಿತ್ರವನ್ನು ಕಂಡೊಡನೆ ನಂಬುತ್ತಾರೆ. ಆ ನಂಬಿಕೆಯೇ ಚಿತ್ರದ ಬಲ. ಚಿತ್ರವನ್ನು ಜೋಡಿಸುವವನ ಹೊಣೆಯೂ ಆ ನಂಬಿಕೆಯಿಂದಲೇ ಹುಟ್ಟುತ್ತದೆ. ಗದಗ ಜಿಲ್ಲೆಯ ಜೈನ ಕುಟುಂಬವೊಂದರಲ್ಲಿ ನಡೆದ ಸಣ್ಣ ಸಂಗತಿಯೊಂದು ಈ ಹೊಣೆಯ ಸ್ವರೂಪವನ್ನು ಚೆನ್ನಾಗಿ ತಿಳಿಸಿಕೊಡುತ್ತದೆ.

ಆ ಮನೆತನದ ಬೇರು ಲಕ್ಷ್ಮೇಶ್ವರದಲ್ಲಿ. ಹಳೆಯ ಪುಲಿಗೆರೆಯ ಶಂಖಬಸದಿಗೆ ನಡೆದು ಹೋಗಬಹುದಾದಷ್ಟು ಹತ್ತಿರದ ಓಣಿಯಲ್ಲಿ, ಎಂಬತ್ತು ದಾಟಿದ ತಾಯಿ ಊರು ಬಿಟ್ಟು ಬರಲೊಲ್ಲದೆ ಇದ್ದಾರೆ. ಹಿರಿಯ ಮಗನದು ಮುಂಡರಗಿಯಲ್ಲಿ ಕಾಳುಕಡಿಯ ದಲಾಲಿ ಅಂಗಡಿ. ಮಗಳನ್ನು ಶಿರಹಟ್ಟಿಗೆ ಕೊಟ್ಟಿದೆ. ಕಿರಿಯ ಮಗ ಬೆಟಗೇರಿಯಲ್ಲಿ ಮನೆ ಮಾಡಿಕೊಂಡು ಗದಗಿನಲ್ಲಿ ಡಿ.ಟಿ.ಪಿ. ಅಂಗಡಿ ನಡೆಸುತ್ತಾನೆ. ತಂದೆ ತೀರಿಕೊಂಡ ಮೇಲೆ ಹೊಲಮನೆಗಳ ಪಾಲಾಯಿತು. ಪಾಲಾದ ಆಸ್ತಿಗಿಂತ ಪಾಲು ಮಾಡುವಾಗ ಆಡಿದ ಮಾತು ದೊಡ್ಡದಾಯಿತು. ಹಿರಿಯನು ತನ್ನ ಪಾಲಿನ ಪಾತ್ರೆಗಳೊಂದಿಗೆ ಹಳೆಯ ಚಿತ್ರಗಳಿದ್ದ ತಗಡಿನ ಟ್ರಂಕನ್ನೂ ಒಯ್ದನು. ಅನಂತರದ ಹನ್ನೊಂದು ವರ್ಷ ಅಣ್ಣತಮ್ಮಂದಿರ ನಡುವೆ ಮಾತಿಲ್ಲ. ಹಿರಿಯನು ತಾಯಿಯನ್ನು ಕಾಣಲು ಬರುತ್ತಿದ್ದುದುಂಟು. ಆದರೆ ತಮ್ಮನು ಬಾರದ ದಿನವನ್ನು ನೋಡಿಕೊಂಡು ಬರುತ್ತಿದ್ದನು. ಶಿರಹಟ್ಟಿಯಲ್ಲಿ ತಂಗಿಯ ಮಗಳ ಮದುವೆಯಾದಾಗ ಹಿರಿಯ ಸೋದರಮಾವನ ಸ್ಥಾನ ಬರಿದಾಗಿಯೇ ಉಳಿಯಿತು. ಬೀಗರ ಮುಂದೆ ಯಾರೂ ಏನೂ ಹೇಳಲಿಲ್ಲ. ತಾಯಿ ಮಾತ್ರ ಅಡಿಗೆಯ ಮನೆಗೆ ಹೋಗಿ ಸೆರಗನ್ನು ಕಣ್ಣಿಗೊತ್ತಿಕೊಂಡು ಬಂದು ಅಕ್ಕಿಕಾಳು ಹಾಕಿದರು.

ಗದಗು ಮುದ್ರಣಕ್ಕೆ ಹೆಸರಾದ ಊರು, ಬೆಟಗೇರಿ ನೇಯ್ಗೆಗೆ. ಕಿರಿಯನು ೧೯೯೦ರ ದಶಕದಲ್ಲಿ ಮುದ್ರಣಾಲಯವೊಂದರಲ್ಲಿ ಕೆಲಸ ಕಲಿಯುತ್ತಿದ್ದಾಗ ಚಿತ್ರಗಳ ಜೋಡಣೆಯೆಂದರೆ ಕತ್ತರಿ ಮತ್ತು ಗೋಂದು. ಚಿತ್ರಗಳನ್ನು ಕತ್ತರಿಸಿ, ದಪ್ಪ ಕಾಗದದ ಮೇಲೆ ಅಂಟಿಸಿ, ಎಲ್ಲವನ್ನೂ ಒಟ್ಟಿಗೆ ಮತ್ತೊಮ್ಮೆ ಚಿತ್ರ ತೆಗೆಯುತ್ತಿದ್ದರು. ಎಷ್ಟೇ ಜಾಣತನದಿಂದ ಕತ್ತರಿಸಿದರೂ ಅಂಚಿನಲ್ಲಿ ಬಿಳಿಯ ಗೆರೆಯೊಂದು ಉಳಿಯುತ್ತಿತ್ತು. ಆಮೇಲೆ ಕಂಪ್ಯೂಟರು ಬಂದಿತು. ಪೇಜ್‌ಮೇಕರ್, ಕೋರೆಲ್‌ಡ್ರಾ, ಫೋಟೋಶಾಪ್ ಬಂದವು. ಅವನು ಮೂರನ್ನೂ ಕಲಿತನು. ಬಿಳಿಯ ಗೆರೆಯನ್ನು ಅಳಿಸುವುದೇ ತನ್ನ ಕಸುಬಿನ ಹೆಗ್ಗಳಿಕೆಯೆಂದು ಬಹುಕಾಲ ನಂಬಿದ್ದನು.

ಲಕ್ಷ್ಮೇಶ್ವರದ ಮನೆಯ ಪಡಸಾಲೆಗೆ ಸುಣ್ಣಬಣ್ಣ ಮಾಡಿಸಿದ ವರ್ಷ, ಗೋಡೆಗೆ ಮನೆತನದ ದೊಡ್ಡ ಚಿತ್ರವೊಂದನ್ನು ಹಾಕಬೇಕೆಂದು ಅವನಿಗೆ ತೋರಿತು. ಎಲ್ಲರೂ ಕೂಡಿದ ಚಿತ್ರವೆಂದರೆ ಶಿರಹಟ್ಟಿಯ ಮದುವೆಯದು, ಅದರಲ್ಲಿ ಅಣ್ಣನಿಲ್ಲ. ಅಣ್ಣನು ತನ್ನ ಅಂಗಡಿಯ ಪೂಜೆಯ ದಿನ ತೆಗೆಸಿಕೊಂಡ ಚಿತ್ರವೊಂದು ಅಕ್ಕನ ಮೊಬೈಲಿನಲ್ಲಿತ್ತು. ಅವನು ಅದನ್ನು ತರಿಸಿಕೊಂಡು ಕೆಲಸಕ್ಕೆ ಕುಳಿತನು.

ಅಣ್ಣನ ಆಕೃತಿಯನ್ನು ಹಿನ್ನೆಲೆಯಿಂದ ಬಿಡಿಸುವುದು ಕಷ್ಟವಾಗಲಿಲ್ಲ. ತೊಡಕಾದದ್ದು ಬೆಳಕು. ಅಂಗಡಿಯ ಚಿತ್ರದಲ್ಲಿ ಬಿಸಿಲು ಎಡದಿಂದ ಬಿದ್ದಿತ್ತು. ಮದುವೆಯ ಮಂಟಪದಲ್ಲಿ ದೀಪ ಬಲಕ್ಕಿತ್ತು. ಅವನು ಅಣ್ಣನ ಆಕೃತಿಯನ್ನು ಕನ್ನಡಿಯಲ್ಲಿ ಕಂಡಂತೆ ಮಗುಚಿದನು. ಬೆಳಕು ಸರಿಹೋಯಿತು, ಆದರೆ ಅಂಗಿಯ ಕಿಸೆ ಎಡದಿಂದ ಬಲಕ್ಕೆ ಬಂದಿತು. ಕಿಸೆಯನ್ನು ಅಳಿಸಿ ಎಡಕ್ಕೆ ಕೂರಿಸಿದನು. ಆಗ ತಲೆಯ ಬೈತಲೆ ತಿರುವುಮುರುವಾದದ್ದು ಕಂಡಿತು, ಅದನ್ನೂ ತಿದ್ದಿದನು. ಕಾಲ ಬುಡದಲ್ಲಿ ನೆರಳಿಲ್ಲದೆ ಅಣ್ಣನು ನೆಲದಿಂದ ಮೇಲೆ ತೇಲಿದಂತಿದ್ದನು, ನೆರಳನ್ನು ಬರೆದನು. ಒಂದು ತಿದ್ದುಪಡಿ ಇನ್ನೊಂದನ್ನು ಬೇಡುತ್ತ ಮೂರು ರಾತ್ರಿ ಹಿಡಿಯಿತು. ನಾಲ್ಕನೆಯ ದಿನ ಹಿರಿಯ ಸೋದರಮಾವನು ವಧುವಿನ ಹಿಂದೆ, ತಾಯಿಯ ಬಲಗಡೆಗೆ, ನಗುತ್ತ ನಿಂತಿದ್ದನು. ನುರಿತ ಕಣ್ಣಿಗೂ ಅಂಟು ಕಾಣುತ್ತಿರಲಿಲ್ಲ.

ಚೌಕಟ್ಟು ಹಾಕಿಸಿ ಲಕ್ಷ್ಮೇಶ್ವರಕ್ಕೆ ಒಯ್ದು ತಾಯಿಯ ಮುಂದಿಟ್ಟಾಗ ಅವರು ಕನ್ನಡಕವನ್ನು ಒರೆಸಿಕೊಂಡು ಬಹಳ ಹೊತ್ತು ನೋಡಿದರು. ಹಿರಿಯ ಮಗನ ಮುಖದ ಮೇಲೆ ಬೆರಳಾಡಿಸಿದರು. ಮಗನು ಅವರು ಸಂತೋಷಪಡುವರೆಂದು ಕಾದಿದ್ದನು.

“ಶಿರಹಟ್ಟಿ ಮದುವಿಗೆ ದೊಡ್ಡಾಂವ ಬಂದಿದ್ದಿಲ್ಲಲ್ಲೋ ತಮ್ಮಾ” ಎಂದರು ತಾಯಿ.

“ಇಲ್ಲವ್ವಾ. ನಾನ ಕೂಡಿಸೇನಿ. ಗೊತ್ತಾಗೂದಿಲ್ಲ ನೋಡು.”

“ಗೊತ್ತಾಗೂದಿಲ್ಲ, ಖರೆ. ಇದರಾಗ ಅಂವ ಬಂದಾನ. ಹಂಗಾರ ಆ ದಿನ ನಾ ಅತ್ತಿದ್ದು ಯಾತಕ್ಕ?”

ಸಿಟ್ಟಿನಿಂದ ಕೇಳಿದ ಪ್ರಶ್ನೆಯಲ್ಲ ಅದು. ನಿಜಕ್ಕೂ ತಿಳಿಯದೆ ಕೇಳಿದಂತಿತ್ತು. ಮಗನಲ್ಲಿ ಉತ್ತರವಿರಲಿಲ್ಲ. ಚಿತ್ರವನ್ನು ಗೋಡೆಗೆ ತೂಗುಹಾಕದೆ, ಹಳೆಯ ದಿನಪತ್ರಿಕೆಯಲ್ಲಿ ಸುತ್ತಿಕೊಂಡು ಸಂಜೆಯ ಬಸ್ಸಿಗೆ ಗದಗಿಗೆ ಮರಳಿದನು.

ಚಿತ್ರಗಳನ್ನು ಕೂಡಿಸುವ ವಿದ್ಯೆ ಕಂಪ್ಯೂಟರಿನೊಂದಿಗೆ ಹುಟ್ಟಿದ್ದಲ್ಲ. ೧೮೫೭ರಲ್ಲಿಯೇ ಇಂಗ್ಲೆಂಡಿನಲ್ಲಿ ಆಸ್ಕರ್ ರೇಲಾಂಡರ್ ಎಂಬ ಛಾಯಾಗ್ರಾಹಕನು ಸುಮಾರು ೩೦ ನೆಗೆಟಿವ್‌ಗಳನ್ನು ಕೂಡಿಸಿ, ಸನ್ಮಾರ್ಗ ದುರ್ಮಾರ್ಗಗಳೆಂಬ ಎರಡು ಜೀವನಪಥಗಳನ್ನು ತೋರಿಸುವ ಒಂದೇ ದೊಡ್ಡ ಚಿತ್ರವನ್ನು ಮಾಡಿದ್ದನು. ವಿಕ್ಟೋರಿಯಾ ರಾಣಿ ಅದರ ಪ್ರತಿಯೊಂದನ್ನು ಕೊಂಡಳು. ಅದು ರಚಿಸಿದ ಚಿತ್ರವೆಂಬುದನ್ನು ಅವನು ಮುಚ್ಚಿಡಲಿಲ್ಲವಾದ್ದರಿಂದ ಅಲ್ಲಿ ವಂಚನೆಯಿರಲಿಲ್ಲ. ೧೯೮೨ರ ಫೆಬ್ರವರಿಯಲ್ಲಿ ನಡೆದದ್ದು ಬೇರೆ ಬಗೆಯದು. ನ್ಯಾಷನಲ್ ಜಿಯಾಗ್ರಾಫಿಕ್ ಪತ್ರಿಕೆಯು ಮುಖಪುಟದ ಅಳತೆಗೆ ಹೊಂದಿಸುವ ಸಲುವಾಗಿ ಈಜಿಪ್ಟಿನ ಎರಡು ಪಿರಮಿಡ್ಡುಗಳನ್ನು ಗಣಕಯಂತ್ರದ ನೆರವಿನಿಂದ ಹತ್ತಿರಕ್ಕೆ ಸರಿಸಿತು. ಕದಲದ ಕಲ್ಲುಗಳು ಓದುಗನಿಗೆ ತಿಳಿಯದಂತೆ ಕದಲಿದ್ದವು. ಆಕ್ಷೇಪ ಎದ್ದದ್ದು ಅದಕ್ಕಾಗಿಯೇ. ಥಾಮಸ್ ನೋಲ್ ಮತ್ತು ಜಾನ್ ನೋಲ್ ಎಂಬ ಅಣ್ಣತಮ್ಮಂದಿರು ರೂಪಿಸಿದ ಫೋಟೋಶಾಪ್ ೧೯೯೦ರಲ್ಲಿ ಮಾರುಕಟ್ಟೆಗೆ ಬಂದಿತು. ಒಂದರ ಮೇಲೊಂದು ಪಾರದರ್ಶಕ ಹಾಳೆಯನ್ನಿಟ್ಟಂತೆ ಚಿತ್ರಗಳನ್ನು ಪದರಪದರವಾಗಿ ಇಡುವ ಸೌಕರ್ಯ ಅದಕ್ಕೆ ೧೯೯೪ರಲ್ಲಿ ಸೇರಿತು. ೨೦೨೩ರಿಂದೀಚೆಗೆ, ಬೇಕಾದುದನ್ನು ಮಾತಿನಲ್ಲಿ ಹೇಳಿದರೆ ಸಾಕು, ಇಲ್ಲದ ವಸ್ತುವನ್ನು ತಾನೇ ಬರೆದು ತುಂಬಿಕೊಡುವ ಸಾಧನವೂ ಅದರಲ್ಲಿ ಬಂದಿದೆ. ಮೂರು ರಾತ್ರಿಯ ಕೆಲಸ ಈಗ ಮೂರು ನಿಮಿಷದ್ದು. ಸುಲಭವಾದದ್ದು ಕೈಯ ಕೆಲಸ ಮಾತ್ರ; ಮಾಡಬೇಕೋ ಬೇಡವೋ ಎಂಬ ವಿಚಾರ ಮೊದಲಿನಷ್ಟೇ ಕಠಿಣವಾಗಿದೆ.

ತಾಯಿಯ ಪ್ರಶ್ನೆಯೊಂದಿಗೆ ಮರಳಿದ ಕಿರಿಯನಿಗೆ ತಾನು ಮಾಡಿದ ಬೇರೆ ಕೆಲಸಗಳೂ ನೆನಪಾದವು. ಒಮ್ಮೆ ಸ್ಮರಣ ಸಂಚಿಕೆಯೊಂದಕ್ಕಾಗಿ, ಕಟ್ಟಡದ ಅಡಿಗಲ್ಲು ಇಟ್ಟ ದಿನ ಊರಲ್ಲಿಯೇ ಇರದಿದ್ದ ದಾನಿಯೊಬ್ಬರನ್ನು ಅಡಿಗಲ್ಲಿನ ಪಕ್ಕದಲ್ಲಿ ನಿಲ್ಲಿಸಿಕೊಟ್ಟಿದ್ದನು. ಆ ಸ್ಥಳದಲ್ಲಿ ನಿಜವಾಗಿ ನಿಂತಿದ್ದ ಬಡ ಶ್ರಾವಕನೊಬ್ಬನು ಮರೆಯಾಗಿದ್ದನು. ಕೇಳಿದವರು ಕೇಳಿದ್ದರು, ಇವನು ಹಣ ಪಡೆದಿದ್ದನು. ಇಬ್ಬರಿಗೂ ಅದು ಪಾಪವೆಂದು ತೋರಿರಲಿಲ್ಲ. ಮರೆಯಾದವನ ಮನೆಯವರು ಆ ಸಂಚಿಕೆಯನ್ನು ಯಾವ ಕಣ್ಣಿನಿಂದ ನೋಡಿದರೋ ಎಂಬ ವಿಚಾರ ಅವನಿಗೆ ಮೊದಲ ಸಲ ಬಂದದ್ದು ಈಗ.

ಆ ವರ್ಷದ ದಶಲಕ್ಷಣ ಪರ್ವದಲ್ಲಿ, ದಿನಕ್ಕೊಂದು ಅಧ್ಯಾಯದಂತೆ ತತ್ತ್ವಾರ್ಥಸೂತ್ರವನ್ನು ಓದುವ ರೂಢಿಯಂತೆ, ಏಳನೆಯ ದಿನ ವ್ರತಗಳ ಅಧ್ಯಾಯ ಬಂದಿತು. ಸತ್ಯಾಣುವ್ರತದ ಐದು ಅತಿಚಾರಗಳಲ್ಲಿ ಕೂಟಲೇಖಕ್ರಿಯೆಯೂ ಒಂದು: ಇಲ್ಲದ್ದನ್ನು ಇದ್ದಂತೆ ಬರೆದು ನಂಬಿಸುವುದು. ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಪ್ರತಿರೂಪಕ ವ್ಯವಹಾರವೊಂದು: ನಿಜದಂತೆ ತೋರುವ ನಕಲನ್ನು ನಿಜವೆಂದು ಮಾರುವುದು. ಉಮಾಸ್ವಾಮಿಗಳ ಕಾಲದಲ್ಲಿ ಛಾಯಾಚಿತ್ರವಿರಲಿಲ್ಲ. ಆದರೂ ಆ ಎರಡು ಮಾತುಗಳು ತನ್ನ ಅಂಗಡಿಯ ಬಾಗಿಲಲ್ಲಿ ನಿಂತು ಹೇಳಿದಂತೆ ಅವನಿಗೆ ಕೇಳಿಸಿದವು. ಹಾಗಾದರೆ ಚಿತ್ರಗಳನ್ನು ಜೋಡಿಸುವುದೇ ತಪ್ಪೇ? ಈ ಪ್ರಶ್ನೆಗೆ ಉತ್ತರ ಅವನಿಗೆ ದೊರೆತದ್ದು ಊರ ಬಸದಿಯಲ್ಲಿ.

ಪರ್ವದ ನಡುವೆ ಒಂದು ದಿನ ತಾಯಿಯನ್ನು ಶಂಖಬಸದಿಗೆ ಕರೆದುಕೊಂಡು ಹೋದನು. ನೇಮಿನಾಥ ತೀರ್ಥಂಕರರ ಲಾಂಛನದಿಂದ ಹೆಸರು ಪಡೆದ ಆ ಬಸದಿಯಲ್ಲಿ ಸಹಸ್ರಕೂಟ ಜಿನಬಿಂಬವಿದೆ: ಗುಡಿಯ ಆಕಾರದ ಕಲ್ಲಿನಲ್ಲಿ ಸಾಲುಸಾಲಾಗಿ ಕಂಡರಿಸಿದ, ಸಾವಿರಕ್ಕೂ ಮಿಕ್ಕ ಪುಟ್ಟ ಜಿನಮೂರ್ತಿಗಳು. ಬಾಲ್ಯದಲ್ಲಿ ಅಣ್ಣತಮ್ಮಂದಿರು ಅವನ್ನು ಎಣಿಸಲು ಹೊರಟು ಪ್ರತಿಸಲವೂ ಲೆಕ್ಕ ತಪ್ಪುತ್ತಿದ್ದರು. ಈಗ ಅವನು ಎಣಿಸಲಿಲ್ಲ, ಜೋಡಣೆಯನ್ನು ನೋಡಿದನು. ಇಷ್ಟೊಂದು ಬಿಂಬಗಳು ಒಂದೇ ಕಲ್ಲಿನಲ್ಲಿ ಕೂಡಿವೆ. ಆದರೆ ಒಂದರ ತೋಳು ಇನ್ನೊಂದರ ಮೇಲೆ ಬಿದ್ದಿಲ್ಲ. ಪ್ರತಿಯೊಂದಕ್ಕೂ ತನ್ನ ಆಸನವಿದೆ, ತನ್ನ ಎಲ್ಲೆಯಿದೆ. ಕೂಡಿರುವುದೂ ಕಾಣುತ್ತದೆ, ಬೇರೆಬೇರೆಯಾಗಿರುವುದೂ ಕಾಣುತ್ತದೆ. ಎಲ್ಲೆಯನ್ನು ಅಳಿಸದೆಯೂ ಕೂಡಿಸಬಹುದೆಂಬುದನ್ನು ಆ ಶಿಲ್ಪಿ ಎಂದೋ ತೋರಿಸಿಟ್ಟಿದ್ದನು.

ಗದಗಿಗೆ ಬಂದು ಹೊಸದಾಗಿ ಆರಂಭಿಸಿದನು. ೨೪ ಅಂಗುಲ ಅಗಲ, ೧೬ ಅಂಗುಲ ಎತ್ತರದ ಹಾಳೆ. ಅಂಗುಲಕ್ಕೆ ೩೦೦ ಬಿಂದುಗಳಂತೆ ಅದು ಪರದೆಯ ಮೇಲೆ ೭೨೦೦ಕ್ಕೆ ೪೮೦೦ ಬಿಂದುಗಳಾಗುತ್ತದೆ. ಅದರಲ್ಲಿ ಆರರಂತೆ ನಾಲ್ಕು ಸಾಲು. ಒಟ್ಟು ೨೪ ಮನೆಗಳು. ತಾಯಿಯ ಬಳಿ, ಅಕ್ಕನ ಬಳಿ, ಸೋದರತ್ತೆಯ ಮಕ್ಕಳ ಬಳಿ ಇದ್ದ ಹಳೆಯ ಚಿತ್ರಗಳನ್ನು ಕೇಳಿ ತಂದನು. ಅನೇಕ ಚಿತ್ರಗಳು ಎರಡೇ ಅಂಗುಲದವು. ಅವನ್ನು ಅಂಗುಲಕ್ಕೆ ೬೦೦ ಬಿಂದುಗಳಂತೆ ಸ್ಕ್ಯಾನ್ ಮಾಡಿದರೆ ೧೨೦೦ ಬಿಂದುಗಳು ದೊರೆತು, ನಾಲ್ಕು ಅಂಗುಲದ ಮನೆಗೆ ಮಬ್ಬಾಗದೆ ಒಪ್ಪುತ್ತವೆ. ಧೂಳನ್ನು ತೆಗೆದನು, ಮಾಸಿದ ಕಪ್ಪನ್ನು ತುಸು ಗಾಢಗೊಳಿಸಿದನು. ಮುಖಗಳನ್ನು ಮುಟ್ಟಲಿಲ್ಲ. ಅಜ್ಜನ ಕೆನ್ನೆಯ ಸಿಡುಬಿನ ಕಲೆಗಳನ್ನು ಹಾಗೆಯೇ ಬಿಟ್ಟನು. ಪ್ರತಿಯೊಂದರ ಸುತ್ತ ತೆಳುವಾದ ಬಿಳಿಯ ಗೆರೆ. ಕೆಳಗೆ ಊರು ಮತ್ತು ಇಸವಿ. ಒಂದು ಕಾಲಕ್ಕೆ ಅಳಿಸಲು ಹೆಣಗಿದ ಬಿಳಿಯ ಗೆರೆಯನ್ನು ಈಗ ಕೈಯಾರೆ ಎಳೆದನು.

ಇಪ್ಪತ್ಮೂರು ಮನೆಗಳು ತುಂಬಿದವು. ಶಿರಹಟ್ಟಿಯ ಮದುವೆಯ ಚಿತ್ರ ಇದ್ದಂತೆಯೇ ಒಂದು ಮನೆಯಲ್ಲಿ ಕುಳಿತಿತು, ಅದರಲ್ಲಿ ಅಣ್ಣನಿರಲಿಲ್ಲ. ತಂದೆ ಮತ್ತು ಇಬ್ಬರು ಗಂಡುಮಕ್ಕಳು ಒಟ್ಟಿಗೆ ಇದ್ದ ಚಿತ್ರ ಎಲ್ಲಿಯೂ ಸಿಗಲಿಲ್ಲ. ಅಂಥದ್ದೊಂದು ಇತ್ತೆಂದು ತಾಯಿಗೆ ನೆನಪಿತ್ತು: ಬಸದಿಯ ಬಯಲಲ್ಲಿ ಸೈಕಲ್ಲು ಹಿಡಿದ ತಂದೆ, ಹ್ಯಾಂಡಲ್ಲಿಗೆ ಕೈಯಿಟ್ಟ ದೊಡ್ಡವನು, ಹಿಂದಿನ ಕ್ಯಾರಿಯರಿನ ಮೇಲೆ ಸಣ್ಣವನು. ಅದು ಮುಂಡರಗಿಗೆ ಹೋದ ಟ್ರಂಕಿನಲ್ಲಿರಬೇಕು. ತಾಯಿ ಹೇಳಿದಂತೆಯೇ ಅದನ್ನು ಹೊಸದಾಗಿ ರಚಿಸಲು ಅವನ ಕೈಗೆ ಬರುತ್ತಿತ್ತು. ಅವನು ರಚಿಸಲಿಲ್ಲ. ಇಪ್ಪತ್ನಾಲ್ಕನೆಯ ಮನೆ ಬರಿದಾಗಿ ಉಳಿಯಿತು.

ಪರ್ವ ಮುಗಿದು ಕ್ಷಮಾವಾಣಿಯ ದಿನ ಬಂದಿತು. ಅಂಗಡಿಗೆ ಬರುವ ಗಿರಾಕಿಗಳಿಂದ ಹಿಡಿದು ಬಸದಿಯಲ್ಲಿ ಕಂಡವರೆಲ್ಲರಲ್ಲಿ ಕ್ಷಮೆ ಬೇಡುವ ದಿನ. ಹನ್ನೊಂದು ವರ್ಷಗಳಿಂದ ಅವನು ನೂರಾರು ಜನರಲ್ಲಿ ಕ್ಷಮೆ ಬೇಡಿದ್ದನು. ಅವರಲ್ಲಿ ಯಾರಿಗೂ ಅವನು ತಪ್ಪು ಮಾಡಿರಲಿಲ್ಲ. ಆ ದಿನ ಬೆಳಿಗ್ಗೆ ಗದಗಿನಿಂದ ಡಂಬಳದ ಮೇಲೆ ಹಾಯ್ದು ಹೋಗುವ ಬಸ್ಸು ಹತ್ತಿ ಮುಂಡರಗಿಗೆ ಹೋದನು. ಕಪ್ಪತಗುಡ್ಡ ಕಾಣಿಸಿದಾಗ ಒಮ್ಮೆ ಇಳಿದು ಹಿಂದಿರುಗಲೇ ಎನ್ನಿಸಿತೆಂದು ಅವನೇ ಆಮೇಲೆ ಅಕ್ಕನಿಗೆ ಹೇಳಿದನು.

ಅಣ್ಣನು ಅಂಗಡಿಯ ಗಾದಿಯ ಮೇಲೆ ಲೆಕ್ಕ ಬರೆಯುತ್ತಿದ್ದನು. ತಮ್ಮನು ಕಾಲು ಮುಟ್ಟಿ, “ಉತ್ತಮ ಕ್ಷಮಾ, ಅಣ್ಣಾ. ಪಾಲಿನ ದಿನ ನಾ ಅಪ್ಪನ ಹೆಸರು ತಗೊಂಡು ಆಡಿದ್ದು ತಪ್ಪು” ಎಂದನು. ಅಣ್ಣನು ಲೆಕ್ಕದ ಪುಸ್ತಕವನ್ನು ಮುಚ್ಚಲಿಲ್ಲ. “ಕುಂಡ್ರು” ಎಂದಷ್ಟೇ ಹೇಳಿ ಚಹ ತರಿಸಿದನು. ಗೋಡೆಯ ಚಿತ್ರದ ಸಂಗತಿಯನ್ನು, ಬರಿದಾಗಿ ಉಳಿದ ಮನೆಯನ್ನು, ತಾಯಿ ಕೇಳಿದ ಪ್ರಶ್ನೆಯನ್ನು ತಮ್ಮನು ಇದ್ದಂತೆ ಹೇಳಿದನು. ತಾಯಿಯ ಮಾತು ಬಂದಾಗ ಅಣ್ಣನ ಲೇಖಣಿ ನಿಂತಿತು. ಒಳಗೆ ಹೋದವನು ಬಹಳ ಹೊತ್ತಿನ ಮೇಲೆ ಒಂದು ಲಕೋಟೆಯೊಂದಿಗೆ ಬಂದನು. ಅದರಲ್ಲಿ ಸೈಕಲ್ಲಿನ ಚಿತ್ರವಿತ್ತು, ಎರಡು ತುಂಡಾಗಿ. ಒಂದರಲ್ಲಿ ತಂದೆ ಮತ್ತು ದೊಡ್ಡವನು. ಇನ್ನೊಂದರಲ್ಲಿ ಕ್ಯಾರಿಯರಿನ ಮೇಲಿನ ಸಣ್ಣವನು.

“ಸಿಟ್ಟಿನ್ಯಾಗ ನಾನ ಹರದಿದ್ದೆ. ಒಗೀಲಿಕ್ಕ ಮನಸ್ಸು ಬರಲಿಲ್ಲ” ಎಂದನು ಅಣ್ಣ.

ಲಕ್ಷ್ಮೇಶ್ವರಕ್ಕೆ ಬರುವೆನೆಂದು ಅವನು ಹೇಳಲಿಲ್ಲ. ಬಾರೆನೆಂದೂ ಹೇಳಲಿಲ್ಲ. ಬಸ್ ನಿಲ್ದಾಣದವರೆಗೆ ಜೊತೆಗೆ ನಡೆದು ಬಂದನು.

ಎರಡು ತುಂಡುಗಳನ್ನು ಸ್ಕ್ಯಾನ್ ಮಾಡಿ ಪರದೆಯ ಮೇಲೆ ಹೊಂದಿಸಿದಾಗ ನಡುವೆ ಹರಿದ ಗೆರೆ ಮೇಲಿನಿಂದ ಕೆಳಕ್ಕೆ ಸೊಟ್ಟಸೊಟ್ಟಗೆ ಇಳಿಯಿತು. ಅಂಥ ಗೆರೆಯನ್ನು ಅಕ್ಕಪಕ್ಕದ ಬಿಂದುಗಳಿಂದಲೇ ಮುಚ್ಚಿಬಿಡುವ ಕುಂಚ ಆ ತಂತ್ರಾಂಶದಲ್ಲಿದೆ. ಐದು ನಿಮಿಷದ ಕೆಲಸ. ಅವನು ತುಂಡುಗಳನ್ನು ಒತ್ತಾಗಿ ಕೂಡಿಸಿದನು, ಗೆರೆಯನ್ನು ಮುಟ್ಟಲಿಲ್ಲ. ಇಪ್ಪತ್ನಾಲ್ಕನೆಯ ಮನೆ ಹೀಗೆ ತುಂಬಿತು.

ಚಿತ್ರಗಳನ್ನು ಕೂಡಿಸಲು ಹೊರಡುವ ಕುಟುಂಬಗಳಿಗೂ ಬಸದಿಗಳ ಟ್ರಸ್ಟುಗಳಿಗೂ ಈ ಅನುಭವದಿಂದ ಕೆಲವು ಮಾತುಗಳು ದೊರೆಯುತ್ತವೆ. ಮೂಲಚಿತ್ರವನ್ನು ಎಂದಿಗೂ ಕತ್ತರಿಸಬಾರದು. ಕತ್ತರಿ ಪ್ರತಿಯ ಮೇಲೆ ಮಾತ್ರ ಆಡಬೇಕು. ಸ್ಕ್ಯಾನ್ ಮಾಡಿದ ಮೂಲವನ್ನು ಟಿಫ್ ರೂಪದಲ್ಲಿ ಇಡುವುದು ಮೇಲು. ಜೆಪಿಇಜಿ ರೂಪದ ಚಿತ್ರವನ್ನು ತಿದ್ದಿ ಮತ್ತೆ ಮತ್ತೆ ಉಳಿಸಿದಂತೆಲ್ಲ ಅದರ ವಿವರ ಸವೆಯುತ್ತದೆ. ದುಬಾರಿ ತಂತ್ರಾಂಶವನ್ನು ಕದ್ದು ಬಳಸುವ ಅಗತ್ಯವೂ ಇಲ್ಲ. ೧೯೯೬ರಿಂದ ಲಭ್ಯವಿರುವ ಗಿಂಪ್ ಎಂಬುದು ಎಲ್ಲರಿಗೂ ಉಚಿತ. ಚಿತ್ರದ ಹಿಂಬದಿಯಲ್ಲಿ ಹೆಸರು, ಊರು, ಇಸವಿಗಳನ್ನು ಮೆತ್ತನೆಯ ಪೆನ್ಸಿಲಿನಿಂದ ಬರೆದಿಡಬೇಕು. ಪ್ರತಿಗಳನ್ನು ಒಂದೇ ಮನೆಯ ಟ್ರಂಕಿನಲ್ಲಿ ಕೂಡಿಡದೆ ನಾಲ್ಕು ಮನೆಗಳಲ್ಲಿ ಹಂಚಿಡಬೇಕು. ಗದಗಿನ ಸಮೀಪದ ಲಕ್ಕುಂಡಿಯಲ್ಲಿ ಜಿನಾಲಯ ಕಟ್ಟಿಸಿದ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳು. ಗ್ರಂಥ ಉಳಿಯಲೆಂದು ಪ್ರತಿಗಳನ್ನು ಹೆಚ್ಚಿಸಿದಳೇ ಹೊರತು ಅದರೊಳಗಿನ ಮಾತನ್ನು ಹೆಚ್ಚಿಸಲಿಲ್ಲ. ಸ್ಮರಣ ಸಂಚಿಕೆಗಳಲ್ಲಿ ಬೇರೆಬೇರೆ ಚಿತ್ರಗಳನ್ನು ಒಂದಾಗಿಸಿದ್ದರೆ ಅಡಿಯಲ್ಲಿ “ಜೋಡಿಸಿದ ಚಿತ್ರ” ಎಂಬ ಎರಡು ಪದಗಳನ್ನು ಅಚ್ಚುಮಾಡಿಸಿದರೆ ಸಾಕು. ಆ ಎರಡು ಪದಗಳು ವ್ರತವನ್ನು ಕಾಯುತ್ತವೆ. ಇರದವರನ್ನು ಇದ್ದಂತೆ ನಿಲ್ಲಿಸುವುದಕ್ಕಿಂತ, ಇದ್ದವರನ್ನು ಇಲ್ಲದಂತೆ ಅಳಿಸುವುದು ಇನ್ನೂ ದೊಡ್ಡ ದೋಷ. ದಾನಿಯ ಹೆಸರಿಗೆ ಕಲ್ಲಿನ ಮೇಲೆ ಬೇರೆ ಸ್ಥಳವಿದ್ದೇ ಇರುತ್ತದೆ. ಬಡ ಶ್ರಾವಕನಿಗೆ ಆ ಚಿತ್ರವೊಂದೇ.

ಚೌಕಟ್ಟು ಹಾಕಿದ ಆ ಹಾಳೆ ಈಗ ಲಕ್ಷ್ಮೇಶ್ವರದ ಪಡಸಾಲೆಯ ಗೋಡೆಯ ಮೇಲಿದೆ. ಬಂದವರ ಕಣ್ಣು ಮೊದಲು ಹೋಗುವುದು ಕೊನೆಯ ಮನೆಯ ಹರಿದ ಗೆರೆಗೆ. ಇದೇಕೆ ಹೀಗೆ ಎಂದು ಕೇಳುತ್ತಾರೆ. ತಾಯಿ ಯಾವುದನ್ನೂ ಮುಚ್ಚದೆ, ಪಾಲಾದ ದಿನದಿಂದ ಹಿಡಿದು ಬಸ್ ನಿಲ್ದಾಣದವರೆಗಿನ ಕಥೆಯನ್ನು ಹೇಳುತ್ತಾರೆ. ಹಿರಿಯ ಮಗ ಬಂದಾಗ ಅವನ ಮುಂದೆಯೂ ಹೇಳುತ್ತಾರೆ.